ವೇಗದ ಕಾರಿಗೆ ಎಥನಾಲ್: ಹಾಕುವ ಮುನ್ನ ಅಳೆಯಿರಿ

(ಅರಳಗುಪ್ಪೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನೆಂದರೆ ಗೊಬ್ಬರದ ಗುಂಡಿ, ಬಿತ್ತನೆಯ ರಾಗಿ, ತೆಂಗಿನ ಕಪ್ಪುತಲೆ ಹುಳು ಇವುಗಳ ವಿಷಯ ಹೇಳುವವನೆಂದು ನೀವು ತಿಳಿದಿದ್ದೀರಿ. ನಾನು ಓದಿರುವುದೂ ಕೃಷಿ ಡಿಪ್ಲೊಮವೇ ಹೊರತು ಮೋಟಾರು ವಿದ್ಯೆಯಲ್ಲ. ಆದರೂ ಈ ದಿನ ಕಾರಿನ ವಿಷಯ ಮಾತನಾಡಬೇಕಾಗಿ ಬಂದಿದೆ. ಕಾರಣವೇನೆಂಬುದನ್ನು ಮೊದಲು ಹೇಳುತ್ತೇನೆ.

ಕಳೆದ ತಿಂಗಳು ಕಲ್ಲೇಶ್ವರನ ಗುಡಿಯ ಹತ್ತಿರ ನಮ್ಮೂರಿನ ಒಬ್ಬ ಹುಡುಗ ತನ್ನ ಕಾರನ್ನು ತೋರಿಸಿದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಕಾರು ಹಳೆಯದನ್ನು ಕೊಂಡದ್ದು, ಆದರೆ ಟರ್ಬೊ ಇರುವ ವೇಗದ ಕಾರು. "ಗ್ರಾಮಸೇವಕ್ರೆ, ಎಥನಾಲ್ ಹಾಕಿ ಟ್ಯೂನ್ ಮಾಡಿಸಿದ್ರೆ ಇದು ಕುದುರೆ ಥರ ಓಡುತ್ತಂತೆ" ಎಂದ. ಪಕ್ಕದಲ್ಲಿದ್ದ ಅವನ ತಂದೆಯವರು, "ಅಟ್ಟದ ಮೇಲಿರೋ ಕೊಬ್ಬರೀನ ತಿಪಟೂರಿಗೆ ಹಾಕಿ ದುಡ್ಡು ಕೊಡು ಅಂತಾನೆ. ಕೊಡಬೇಕೋ ಬೇಡವೋ ನೀವೇ ಹೇಳಿ ಸ್ವಾಮಿ" ಎಂದರು.

ಒಂದು ವರ್ಷ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ಎಂದರೆ ಆ ಮನೆಯ ಒಂದು ವರ್ಷದ ಬದುಕು. ಅದನ್ನು ಬಾಯಿಮಾತಿಗೆ ಒಪ್ಪಿಸಿಬಿಡಬಾರದು. ನಾನು ಒಂದು ವಾರ ಸಮಯ ಕೇಳಿಕೊಂಡೆ. ತಿಳಿದ ಮೆಕ್ಯಾನಿಕ್ಕರನ್ನು ವಿಚಾರಿಸಿದೆ, ಓದಿದೆ. ನಾನು ತಿಳಿದುಕೊಂಡದ್ದು ಆ ಒಂದು ಮನೆಗೆ ಮಾತ್ರವಲ್ಲ, ಮೋಟಾರು ಬೈಕು, ಕಳೆ ಕತ್ತರಿಸುವ ಯಂತ್ರ, ಪೆಟ್ರೋಲ್ ಪಂಪು ಇಟ್ಟುಕೊಂಡಿರುವ ನಮ್ಮೆಲ್ಲರಿಗೂ ಬೇಕಾದ ವಿಷಯವೆಂದು ತೋರಿದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಥನಾಲ್ ಹೊಸದೇನಲ್ಲ

ಎಥನಾಲ್ ಎಂದರೆ ಮದ್ಯಸಾರ. ಕಬ್ಬಿನ ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ, ಕೆಟ್ಟ ಅಕ್ಕಿ ಇವುಗಳನ್ನು ಹುಳಿ ಬರಿಸಿ ಬಟ್ಟಿ ಇಳಿಸಿ ತೆಗೆಯುವ ದ್ರವ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933 ರಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕಾಗಲೇ ಅಲ್ಲಿ ಕಾಕಂಬಿಯಿಂದ ಪವರ್ ಆಲ್ಕೋಹಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಿದ್ದರು. 1948 ರಲ್ಲಿ ಇದಕ್ಕೆಂದೇ ದೇಶದಲ್ಲಿ ಒಂದು ಕಾಯಿದೆಯೂ ಬಂದಿತು. ಆಮೇಲೆ ಪೆಟ್ರೋಲ್ ಸುಲಭವಾಗಿ ಸಿಕ್ಕಿದಾಗ ಆ ಮಾತು ಹಿಂದೆ ಬಿತ್ತು. 2003 ರಲ್ಲಿ 100 ಕ್ಕೆ 5 ಪಾಲು ಬೆರೆಸುವ ಕಾರ್ಯಕ್ರಮ ಪ್ರಾರಂಭವಾಯಿತು. 2022 ರಲ್ಲಿ ಅದು 10 ಪಾಲಿಗೆ ಮುಟ್ಟಿತು. 2023 ರ ಫೆಬ್ರವರಿ 6 ರಂದು ಬೆಂಗಳೂರಿನಲ್ಲಿಯೇ 20 ಪಾಲಿನ ಪೆಟ್ರೋಲನ್ನು, ಅಂದರೆ ಇ20 ಯನ್ನು, ಬಿಡುಗಡೆ ಮಾಡಿದರು. 2025 ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಇದೇ ಸಾಮಾನ್ಯವಾಯಿತು.

ಆದುದರಿಂದ "ನಾನು ಎಥನಾಲ್ ಹಾಕುವುದಿಲ್ಲ" ಎಂದು ಯಾರೂ ಹೇಳುವಂತಿಲ್ಲ. ನಿಮ್ಮ ಬೈಕಿನ ಟ್ಯಾಂಕಿನಲ್ಲಿ ಐದರಲ್ಲಿ ಒಂದು ಪಾಲು ಈಗಾಗಲೇ ಅದೇ ಇದೆ.

ಮೇವು ಬದಲಾದರೆ ಅಳತೆ ಬದಲಾಗಬೇಕು

ನಿಮ್ಮ ಹಸುವಿಗೆ ಒಣ ರಾಗಿ ಹುಲ್ಲು ಹಾಕುತ್ತಿದ್ದೀರಿ. ಅದನ್ನು ನಿಲ್ಲಿಸಿ ಹಸಿ ಮೇವು ಹಾಕಿದಿರಿ ಎನ್ನಿ. ತೂಕದಲ್ಲಿ ಅಷ್ಟೇ ಹಾಕಿದರೆ ಹಸು ಸೊರಗುತ್ತದೆ. ಏಕೆಂದರೆ ಹಸಿ ಮೇವಿನಲ್ಲಿ ನೀರು ಹೆಚ್ಚು, ಸಾರ ಕಡಿಮೆ. ಎಂಜಿನ್ನಿನ ಸಂಗತಿಯೂ ಹೀಗೆಯೇ. ಎಥನಾಲಿನ ಮೈಯೊಳಗೇ ಆಮ್ಲಜನಕ ಸೇರಿಕೊಂಡಿದೆ. ಆದ್ದರಿಂದ ಅದು ಉರಿಯುವುದಕ್ಕೆ ಗಾಳಿ ಕಡಿಮೆ ಸಾಕು, ಆದರೆ ಅದು ಕೊಡುವ ಶಾಖವೂ ಕಡಿಮೆ. ಒಂದು ಲೀಟರ್ ಪೆಟ್ರೋಲ್ ಕೊಡುವ ಶಾಖದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಒಂದು ಲೀಟರ್ ಎಥನಾಲ್ ಕೊಡುತ್ತದೆ.

ಲೆಕ್ಕ ಹೀಗಿದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಒಂದು ಕಿಲೊ ಎಥನಾಲಿಗೆ 9 ಕಿಲೊ ಸಾಕು. ಎಂಜಿನ್ನು ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವುದರಿಂದ, ಆ ಗಾಳಿಗೆ ಸರಿಯಾಗಿ ಹೆಚ್ಚು ಎಥನಾಲ್ ಸುರಿಯಬೇಕು. ಶುದ್ಧ ಎಥನಾಲಾದರೆ ಒಂದೂವರೆ ಪಟ್ಟು. 85 ಪಾಲು ಎಥನಾಲ್ ಇರುವ ಇ85 ಆದರೆ 100 ಕ್ಕೆ ಸುಮಾರು 40 ಹೆಚ್ಚು. ಇ20 ಆದರೆ 100 ಕ್ಕೆ ಏಳೆಂಟು ಮಾತ್ರ ಹೆಚ್ಚು.

ಈ ಹೆಚ್ಚಿನ ಪಾಲನ್ನು ಕೊಡದೆ ಹೋದರೆ ಎಂಜಿನ್ನಿಗೆ ಅರೆಹೊಟ್ಟೆ. ಅರೆಹೊಟ್ಟೆಯ ಹಸು ಸೊರಗುತ್ತದೆ ಅಷ್ಟೆ. ಅರೆಹೊಟ್ಟೆಯ ಟರ್ಬೊ ಎಂಜಿನ್ನು ಪೂರ್ಣ ವೇಗದಲ್ಲಿ ಓಡುವಾಗ ಒಳಗೇ ಅತಿಯಾಗಿ ಕಾದು, ಪಿಸ್ಟನ್ ಸುಟ್ಟು ತೂತಾಗುವುದೂ ಉಂಟು. ಇದೇ ಈ ಭಾಷಣದ ತಿರುಳು.

ಹಾಗಾದರೆ ವೇಗದ ಕಾರಿನವರಿಗೆ ಇದರ ಮೇಲೆ ಏಕೆ ಆಸೆ?

ಆ ಹುಡುಗ ಹೇಳಿದ್ದು ಸುಳ್ಳಲ್ಲ. ಎಥನಾಲಿಗೆ ಎರಡು ಒಳ್ಳೆಯ ಗುಣಗಳಿವೆ.

ಮೊದಲನೆಯದು ಆಕ್ಟೇನ್ ಸಂಖ್ಯೆ. ಕಿಡಿ ಹಾರುವುದಕ್ಕೆ ಮುಂಚೆ ಒತ್ತಡಕ್ಕೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಗೆ ಈ ಹೆಸರು. ಇ20 ಬರುವುದಕ್ಕೆ ಮುಂಚಿನ ನಮ್ಮ ಸಾಧಾರಣ ಪೆಟ್ರೋಲಿಗೆ ಅದು 91, ಇ20 ಗೆ 95, ಶುದ್ಧ ಎಥನಾಲಿಗೆ ಸುಮಾರು 108. ಎರಡನೆಯದು ತಂಪು. ಕೊರೊನಾ ಕಾಲದಲ್ಲಿ ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ಕೈ ತಣ್ಣಗಾಗುತ್ತಿದ್ದುದು ನಿಮಗೆ ನೆನಪಿರಬಹುದು. ಅದರಲ್ಲಿರುವ ಮದ್ಯಸಾರ ಆವಿಯಾಗುವಾಗ ಕೈಯ ಶಾಖವನ್ನು ಹೀರಿಕೊಳ್ಳುತ್ತದೆ. ಎಂಜಿನ್ನಿನೊಳಗೂ ಹಾಗೆಯೇ, ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕು ಶಾಖ ಹೀರಿ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ. ಆದ್ದರಿಂದ ಟರ್ಬೊ ಒತ್ತುವ ಗಾಳಿಯನ್ನು ಸ್ವಲ್ಪ ಹೆಚ್ಚಿಸಬಹುದು, ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸಬಹುದು. ಬಲ ಬರುವುದು ಇದರಿಂದ. ಬರಿಯ ಎಥನಾಲ್ ಸುರಿದ ಮಾತ್ರಕ್ಕೆ ಬಲ ಬರುವುದಿಲ್ಲ.

ಟ್ಯೂನ್ ಮಾಡುವ ಕ್ರಮ

ಕೆಲಸ ಬಲ್ಲವರು ಮಾಡುವ ಕ್ರಮ ಹೀಗಿದೆ. ಹಿಂದುಮುಂದಾಗಿ ಮಾಡತಕ್ಕದ್ದಲ್ಲ.

ಮೊದಲನೆಯದಾಗಿ, ಎಂಜಿನ್ನಿನ ಆರೋಗ್ಯ. ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆದು ನೋಡಬೇಕು. ಸವೆದ ಎಂಜಿನ್ನಿಗೆ ಬಲ ಏರಿಸುವುದು ಮುದಿ ಎತ್ತಿಗೆ ಎರಡು ಗಾಡಿಯ ಹೇರು ಕಟ್ಟಿದಂತೆ.

ಎರಡನೆಯದಾಗಿ, ಕೊಳವೆ ಮತ್ತು ಸೀಲುಗಳು. ಎಥನಾಲ್ ಹಳೆಯ ಕಾಲದ ರಬ್ಬರನ್ನು ಊದಿಸಿ ಬಿರುಕು ಬಿಡಿಸುತ್ತದೆ. ಸತು, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುವುದೂ ಉಂಟು. ಎಥನಾಲಿಗೆಂದೇ ಮಾಡಿದ ಕೊಳವೆಗಳನ್ನು ಹಾಕಿಸಬೇಕು.

ಮೂರನೆಯದಾಗಿ, ಇಂಧನದ ಪಂಪು ಮತ್ತು ಇಂಜೆಕ್ಟರುಗಳು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಪೂರ್ಣ ವೇಗದಲ್ಲಿ ಇಂಜೆಕ್ಟರು 100 ಕ್ಷಣಗಳಲ್ಲಿ 80 ಕ್ಷಣ ತೆರೆದಿರುತ್ತದೆ ಎನ್ನಿ. ಇ85 ಗೆ 40 ಪಾಲು ಹೆಚ್ಚು ಬೇಕಾದರೆ 80 ಹೋಗಿ 112 ಆಗಬೇಕು. ನೂರು ಕ್ಷಣಗಳಲ್ಲಿ ನೂರಹನ್ನೆರಡು ಕ್ಷಣ ತೆರೆದಿರುವುದು ಸಾಧ್ಯವೇ? ಆದುದರಿಂದ ದೊಡ್ಡ ಇಂಜೆಕ್ಟರೂ, ಅದಕ್ಕೆ ಸಾಕಾಗುವಷ್ಟು ಎತ್ತುವ ಪಂಪೂ ಬೇಕಾಗುತ್ತದೆ. ಮೂರು ಇಂಚಿನ ಪೈಪಿಗೆ ಒಂದು ಅಶ್ವಶಕ್ತಿಯ ಮೋಟಾರು ಇಟ್ಟು ತೋಟಕ್ಕೆಲ್ಲ ನೀರು ಹಾಯಿಸುವೆನೆಂದರೆ ಆದೀತೇ?

ನಾಲ್ಕನೆಯದಾಗಿ, ಎಥನಾಲ್ ಅಳೆಯುವ ಸೆನ್ಸರು. ಫ್ಲೆಕ್ಸ್ ಫ್ಯೂಯೆಲ್ ಎಂಬ ಮಾತಿನ ಜೀವಾಳ ಇದು. ಹುಡುಗ ಬೆಂಗಳೂರಿನಲ್ಲಿ ಎಥನಾಲ್ ಹೆಚ್ಚಿರುವ ಇಂಧನ ತುಂಬಿಸಿಕೊಂಡು ಊರಿಗೆ ಬರುತ್ತಾನೆ. ಹಿಂದಿರುಗುವಾಗ ತಿಪಟೂರಿನಲ್ಲಿ ಸಿಗುವುದು ಇ20. ಟ್ಯಾಂಕಿನಲ್ಲಿ 20 ಲೀಟರ್ ಇ80 ಉಳಿದಿದ್ದು, ಅದಕ್ಕೆ 20 ಲೀಟರ್ ಇ20 ಸೇರಿದರೆ ಒಳಗಿರುವುದು ಇ50. ಹೀಗೆ ಪ್ರತಿ ಸಲವೂ ಮಿಶ್ರಣ ಬದಲಾಗುತ್ತದೆ. ಕೊಳವೆಯಲ್ಲಿ ಕೂರಿಸುವ ಸೆನ್ಸರು ಅದನ್ನು ಅಳೆದು ಕಾರಿನ ಕಂಪ್ಯೂಟರಿಗೆ ಮಿಡಿತಗಳಲ್ಲಿ ತಿಳಿಸುತ್ತದೆ. ಸಾಧಾರಣವಾಗಿ ಬಳಕೆಯಲ್ಲಿರುವ ಸೆನ್ಸರು ಬರಿಯ ಪೆಟ್ರೋಲಿಗೆ ಸೆಕೆಂಡಿಗೆ 50 ಮಿಡಿತ, ಶುದ್ಧ ಎಥನಾಲಿಗೆ 150 ಮಿಡಿತ ಕೊಡುತ್ತದೆ. ಇ20 ಗೆ 70. ಸೆನ್ಸರಿಲ್ಲದೆ ಊಹೆಯ ಮೇಲೆ ಟ್ಯೂನ್ ಮಾಡಿದ ಕಾರು ಒಂದೇ ಬಗೆಯ ಇಂಧನಕ್ಕೆ ಕಟ್ಟುಬಿದ್ದ ಕಾರು.

ಐದನೆಯದಾಗಿ, ಕಂಪ್ಯೂಟರಿನ ಲೆಕ್ಕ. ಎಷ್ಟು ಇಂಧನ, ಯಾವಾಗ ಕಿಡಿ, ಟರ್ಬೊ ಎಷ್ಟು ಒತ್ತಬೇಕು ಎಂಬ ಪಟ್ಟಿಗಳನ್ನು ಎರಡು ಬಗೆಯ ಇಂಧನಕ್ಕೂ ಬರೆದು, ನಡುವಿನ ಮಿಶ್ರಣಕ್ಕೆ ಸೆನ್ಸರಿನ ಮಾತಿನಂತೆ ನಡೆಯುವ ಹಾಗೆ ಮಾಡಬೇಕು. ಇದನ್ನು ಚಕ್ರಗಳು ಉರುಳೆಯ ಮೇಲೆ ತಿರುಗುವ ಡೈನೊ ಯಂತ್ರದಲ್ಲಿ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುತ್ತ, ಸ್ವಲ್ಪಸ್ವಲ್ಪವಾಗಿ ಮಾಡತಕ್ಕದ್ದು. ಊರ ರಸ್ತೆಯಲ್ಲಿ ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಓಡಿಸಿ ನೋಡುವ ಕೆಲಸವಲ್ಲ.

ಆರನೆಯದಾಗಿ, ಆಮೇಲಿನ ಆರೈಕೆ. ಎಥನಾಲ್ ಹಳೆಯ ಟ್ಯಾಂಕಿನ ಕಸವನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬುತ್ತದೆ. ಮೊದಲ ಎರಡು ಮೂರು ಟ್ಯಾಂಕು ಮುಗಿದ ಮೇಲೆ ಫಿಲ್ಟರ್ ನೋಡಿಸಬೇಕು. ಎಂಜಿನ್ ಆಯಿಲನ್ನು ಅವಧಿಗೆ ಮುಂಚೆಯೇ ಬದಲಾಯಿಸಬೇಕು. ಎಥನಾಲ್ ಚಳಿಗೆ ಸುಲಭವಾಗಿ ಆವಿಯಾಗದಿರುವುದರಿಂದ ಮಾಗಿಯ ಬೆಳಗಿನಲ್ಲಿ ಕಾರು ಸ್ಟಾರ್ಟ್ ಆಗಲು ಹಟ ಮಾಡಬಹುದು. ಬ್ರೆಜಿಲ್ ದೇಶದ ಫ್ಲೆಕ್ಸ್ ಕಾರುಗಳಲ್ಲಿ ಇದಕ್ಕಾಗಿಯೇ ಒಂದು ಚಿಕ್ಕ ಪೆಟ್ರೋಲ್ ಟ್ಯಾಂಕು ಇಡುತ್ತಿದ್ದರು.

ಇಷ್ಟಲ್ಲದೆ ಕಾನೂನಿನ ಮಾತೂ ಇದೆ. ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮಿನ ತಡೆ ಇದೆ. ಕಂಪನಿಯ ವಾರಂಟಿ ಹೋಗಬಹುದು, ವಿಮೆಯವರು ತಕರಾರು ತೆಗೆಯಬಹುದು. ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಕಾರ್ಖಾನೆಯಲ್ಲೇ ಮಾಡಿದ ವಾಹನಗಳು

ಕಾರ್ಖಾನೆಯಿಂದಲೇ ಈ ಏರ್ಪಾಡಿನೊಂದಿಗೆ ಬರುವ ವಾಹನಗಳೂ ಉಂಟು. ಬ್ರೆಜಿಲಿನಲ್ಲಿ 2003 ರಲ್ಲಿ ಫೋಕ್ಸ್‌ವ್ಯಾಗನ್ ಗೋಲ್ ಎಂಬ ಫ್ಲೆಕ್ಸ್ ಕಾರು ಬಂದಿತು. ನಮ್ಮ ನೆರೆಯ ಹೊಸೂರಿನ ಟಿ.ವಿ.ಎಸ್. ಕಂಪನಿಯವರು 2019 ರಲ್ಲಿ ಎಥನಾಲಿನಿಂದ ಓಡುವ ಅಪಾಚೆ ಬೈಕನ್ನು ಹೊರತಂದರು. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟ ಕಿರ್ಲೋಸ್ಕರ್ ಕಂಪನಿಯವರು 2023 ರ ಆಗಸ್ಟಿನಲ್ಲಿ ಇನ್ನೋವಾ ಕಾರಿನ ಫ್ಲೆಕ್ಸ್ ಮಾದರಿಯೊಂದನ್ನು ದೆಹಲಿಯಲ್ಲಿ ತೋರಿಸಿದರು. 2024 ರ ಮಾರ್ಚಿಯಲ್ಲಿ ಇ100 ಎಂಬ ಇಂಧನವನ್ನು ಕರ್ನಾಟಕವೂ ಸೇರಿ ಐದು ರಾಜ್ಯಗಳ 183 ಬಂಕುಗಳಲ್ಲಿ ಮಾರಾಟಕ್ಕೆ ತಂದರು. ಆಗ ಇಡೀ ಐದು ರಾಜ್ಯಗಳಿಗೆ ಇದ್ದದ್ದು 183 ಎಂಬುದನ್ನು ಗಮನಿಸಿ. ಟ್ಯೂನ್ ಮಾಡಿಸುವ ಮುಂಚೆ ನಿಮ್ಮ ದಾರಿಯಲ್ಲಿ ಆ ಇಂಧನ ಸಿಗುವ ಬಂಕು ಇದೆಯೇ ಎಂದು ಹೋಗಿ ನೋಡಿ ಬರಬೇಕು.

ಕ್ಯಾನಿನಲ್ಲಿ ಸಿಗುವ ಸ್ಪಿರಿಟ್ ತಂದು ಟ್ಯಾಂಕಿಗೆ ಸುರಿಯುವ ಯೋಚನೆಯನ್ನಂತೂ ಮಾಡಬೇಡಿ. ಅದರಲ್ಲಿ ನೀರಿರುತ್ತದೆ, ವಿಷವೂ ಬೆರೆತಿರಬಹುದು. ಮದ್ಯಸಾರದ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಖರ್ಚಿನ ಲೆಕ್ಕ

ಲೀಟರಿನ ಬೆಲೆ ನೋಡಿ ಅಗ್ಗವೆಂದು ತಿಳಿಯಬಾರದು. ಕಿಲೊಮೀಟರಿಗೆ ಎಷ್ಟು ಬಿತ್ತು ಎಂದು ನೋಡಬೇಕು. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೊಮೀಟರ್ ಓಡುವ ಕಾರು ಶುದ್ಧ ಎಥನಾಲಿನಲ್ಲಿ ಸುಮಾರು 10 ಓಡಬಹುದು. ಬ್ರೆಜಿಲಿನ ಕಾರಿನವರು ಬಂಕಿನಲ್ಲಿ ನಿಂತು ಒಂದು ಸರಳ ಲೆಕ್ಕ ಹಾಕುತ್ತಾರೆ: ಎಥನಾಲಿನ ಬೆಲೆ ಪೆಟ್ರೋಲಿನ ಬೆಲೆಯ 100 ಕ್ಕೆ 70 ಪಾಲಿಗಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ಈ ಲೆಕ್ಕ ನಮಗೂ ಸಲ್ಲುತ್ತದೆ.

ಇ20 ಯಲ್ಲಿ ಇಷ್ಟು ನಷ್ಟವಿಲ್ಲ. ನೀತಿ ಆಯೋಗದ 2021 ರ ವರದಿಯ ಅಂದಾಜಿನಂತೆ, ಬರಿಯ ಪೆಟ್ರೋಲಿಗೆ ರಚಿಸಿ ಇ10 ಗೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜು 100 ಕ್ಕೆ 6-7 ರಷ್ಟು, ಅಂತಹ ಬೈಕುಗಳಲ್ಲಿ 3-4 ರಷ್ಟು ಕಡಿಮೆಯಾಗಬಹುದು. ಇ10 ಗೆ ರಚಿಸಿ ಇ20 ಗೆ ಹೊಂದಿಸಿದ ಕಾರುಗಳಲ್ಲಿ ಇಳಿಕೆ 1-2 ಮಾತ್ರ.

ನನ್ನದೇ ಒಂದು ತಪ್ಪು

ಪರರಿಗೆ ಬುದ್ಧಿ ಹೇಳುವವನು ತನ್ನ ತಪ್ಪನ್ನೂ ಹೇಳಬೇಕು. ಎರಡು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಇನ್ನೊಂದು ಹಳ್ಳಿಯಲ್ಲಿ ರೈತರ ಗುಂಪಿನವರು ಚಂದಾ ಎತ್ತಿ ಕಳೆ ಕತ್ತರಿಸುವ ಯಂತ್ರ ಕೊಂಡಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಸಣ್ಣ ಎಂಜಿನ್ನು. ಅದರ ಜವಾಬ್ದಾರಿ ನನ್ನದು. ಮಳೆಗಾಲಕ್ಕೆ ಮುಂಚೆ ಬೆರೆಸಿದ ಪೆಟ್ರೋಲನ್ನು ಕ್ಯಾನಿನಲ್ಲೇ ಬಿಟ್ಟೆ. ಮುಚ್ಚಳ ಸಡಿಲ, ಸೂರು ಸೋರುತ್ತಿತ್ತು. ಮೂರು ತಿಂಗಳ ಮೇಲೆ ಅದನ್ನೇ ತುಂಬಿ ಯಂತ್ರವನ್ನು ಚಾಲೂ ಮಾಡಿದೆ. ಕಾಲು ಗಂಟೆಯಲ್ಲಿ ಎಂಜಿನ್ನು ಕಿರುಚಿಕೊಂಡು ನಿಂತಿತು. ಪಿಸ್ಟನ್ ಹಿಡಿದುಬಿಟ್ಟಿತ್ತು.

ಆದದ್ದೇನು? ಎಥನಾಲಿಗೆ ನೀರೆಂದರೆ ಬಲು ಆಸೆ. ನೀರು ಸ್ವಲ್ಪವಿದ್ದರೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ಎಥನಾಲೂ ನೀರೂ ಒಂದಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನೊಂದಿಗೇ ಉಳಿಯುತ್ತದೆ. ಎಂಜಿನ್ನು ಹೀರಿದ್ದು ತಳದ ನೀರನ್ನು. ಆಯಿಲ್ ಸಿಕ್ಕದೆ ಒಣಗಿ ಸುಟ್ಟಿತು. ಅಟ್ಟದ ಕಾಯಿಗೆ ಮಳೆನೀರು ತಗುಲಿದರೆ ಕೊಬ್ಬರಿ ಕೆಡುವುದನ್ನು ಬಲ್ಲ ನಾವು ಕ್ಯಾನಿನ ಮುಚ್ಚಳವನ್ನು ಮರೆಯುತ್ತೇವೆ. ರಿಪೇರಿಯ ಹಣವನ್ನು ನನ್ನ ಸಂಬಳದಿಂದ ಕಂತಿನಲ್ಲಿ ಕೊಟ್ಟೆ. ಹಣಕ್ಕಿಂತ ಹೆಚ್ಚಾಗಿ, ಆ ಹಂಗಾಮಿನಲ್ಲಿ ಹನ್ನೊಂದು ಮನೆಯವರು ಕೂಲಿ ಕೊಟ್ಟು ಕಳೆ ತೆಗೆಸಬೇಕಾಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ನೀವು ಮಾಡಬೇಕಾದದ್ದು

1. ವಾಹನದ ಪುಸ್ತಕ ತೆಗೆದು ಅದು ಯಾವ ಇಂಧನಕ್ಕೆ ಮಾಡಿದ್ದೆಂದು ನೋಡಿ. 2023 ರ ಏಪ್ರಿಲ್‌ಗೆ ಹಿಂದಿನ ವಾಹನವಾದರೆ ರಬ್ಬರ್ ಕೊಳವೆ, ಸೀಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

2. ಪೆಟ್ರೋಲನ್ನು ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ. ಬಿಗಿ ಮುಚ್ಚಳದ ಕ್ಯಾನಿನಲ್ಲಿ, ನೆರಳಿನಲ್ಲಿ, ಒಲೆಯಿಂದ ದೂರವಿಡಿ.

3. ಕಳೆ ಯಂತ್ರ, ಔಷಧಿ ಸಿಂಪಡಿಸುವ ಯಂತ್ರಗಳನ್ನು ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ.

4. ಹಳೆಯ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಎರಡು ಪದರ ಕಂಡರೆ ಯಂತ್ರಕ್ಕೆ ಹಾಕಬೇಡಿ.

5. ಒಂದು ನೋಟ್‌ಬುಕ್ಕಿನಲ್ಲಿ ಹಾಕಿಸಿದ ಲೀಟರು, ಓಡಿದ ಕಿಲೊಮೀಟರು ಬರೆದಿಡಿ. ಮೈಲೇಜು ಒಮ್ಮೆಗೇ ಬಿದ್ದರೆ ಮೆಕ್ಯಾನಿಕ್ಕರಿಗೆ ತೋರಿಸಿ.

"ನಮ್ಮ ತೆಂಗಿನಿಂದಲೇ ಎಥನಾಲ್ ತೆಗೆಯಬಾರದೇ?" ಎಂದು ಕೆಲವರು ಕೇಳಿದ್ದಾರೆ. ನೀರಾ ಹುಳಿ ಬಂದರೆ ಹೆಂಡವಾಗುವುದು ನಿಜ. ಆದರೆ ಅದರಲ್ಲಿ ಬಹುಪಾಲು ನೀರೇ. ಸಾಧಾರಣ ಬಟ್ಟಿಯಲ್ಲಿ ಎಷ್ಟು ಇಳಿಸಿದರೂ 100 ಕ್ಕೆ 95-96 ಪಾಲಿಗೆ ನಿಂತುಬಿಡುತ್ತದೆ. ಉಳಿದ ನೀರನ್ನು ತೆಗೆಯಲು ಕಾರ್ಖಾನೆಯ ಸಲಕರಣೆಯೇ ಬೇಕು. ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು ಅಪರಾಧ. ತೆಂಗಿನಿಂದ ನಮಗೆ ಕಾಯಿ, ಕೊಬ್ಬರಿ, ನಾರು, ಚಿಪ್ಪು ಇವುಗಳ ಆದಾಯವೇ ಸಾಕಷ್ಟಿದೆ.

ಕೊನೆಗೆ ಆ ಹುಡುಗನ ಸಂಗತಿ. ನಾನು ಅವನಿಗೆ ಹೇಳಿದ್ದು ಒಂದೇ ಮಾತು: "ಏನನ್ನೂ ಕೊಳ್ಳುವ ಮುಂಚೆ ಎಂಜಿನ್ನಿನ ಒತ್ತಡ, ಇಂಜೆಕ್ಟರಿನ ಕೆಲಸ ಎರಡನ್ನೂ ಅಳೆಸಿ ಬಾಪ್ಪ." ಅವನು ಅಳೆಸಿಕೊಂಡು ಬಂದ. ಎಂಜಿನ್ನು ಗಟ್ಟಿಯಾಗಿದೆ. ಆದರೆ ಇಂಜೆಕ್ಟರುಗಳು ಈಗಲೇ ನೂರರಲ್ಲಿ 82 ಪಾಲು ದುಡಿಯುತ್ತಿವೆ. ಇಂಜೆಕ್ಟರು, ಪಂಪು, ಸೆನ್ಸರು, ಡೈನೊ ಎಲ್ಲಕ್ಕೂ ತಗಲುವ ಖರ್ಚನ್ನು ಅವನೇ ಕಾಗದದ ಮೇಲೆ ಬರೆದು ತಂದೆಯವರ ಮುಂದಿಟ್ಟು, "ಈಗ ಬೇಡಪ್ಪ, ನನ್ನ ಸಂಬಳದಲ್ಲೇ ಕೂಡಿಟ್ಟು ಮಾಡಿಸ್ತೀನಿ. ಅಲ್ಲೀವರೆಗೂ ಬಂಕಿನ ಪೆಟ್ರೋಲೇ ಸಾಕು" ಎಂದ. ತಂದೆಯವರು ನಕ್ಕು, "ಅಟ್ಟದ ಮೇಲಿನ ಕಾಯಿಗೆ ವರ್ಷ ಕಾಯ್ತೀವಿ. ಕಾರಿಗೂ ಕಾದರೆ ಆಯ್ತು" ಎಂದರು. ಕೊಬ್ಬರಿ ಅಟ್ಟದ ಮೇಲೆಯೇ ಇದೆ.

ಬಾಂಧವರೇ, ಎಥನಾಲ್ ಶತ್ರುವೂ ಅಲ್ಲ, ಮಾಯಾಮಂತ್ರವೂ ಅಲ್ಲ. ನಮ್ಮಂತಹ ರೈತರು ಬೆಳೆದ ಕಬ್ಬು, ಜೋಳಗಳಿಂದ ಬಂದ ಇಂಧನ. ಅಳತೆ ಅರಿತು ಕೊಟ್ಟರೆ ಎಂಜಿನ್ನು ದುಡಿಯುತ್ತದೆ, ಅರಿಯದೆ ಸುರಿದರೆ ಮುರಿಯುತ್ತದೆ. ಮುಂದಿನ ಸಭೆಗೆ ಬರುವಾಗ ನಿಮ್ಮ ವಾಹನದ ಪುಸ್ತಕವನ್ನೂ, ಒಂದು ಸೀಸೆಯಲ್ಲಿ ಮನೆಯ ಹಳೆಯ ಪೆಟ್ರೋಲನ್ನೂ ಬಿಗಿಯಾಗಿ ಮುಚ್ಚಿ ತನ್ನಿ. ಎಲ್ಲರೂ ಕೂಡಿ ಪರೀಕ್ಷಿಸಿ ನೋಡೋಣ. ಬೀಡಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.